ಬೆಳೆ, ಬಳೆ, ಬೆಳೆಸು

ಶೀಗಿ ಹುಣ್ಣಿವಿಯ ದಿನ ನಮ್ಮ ರೋಣ ತಾಲ್ಲೂಕಿನ ಸವಡಿಯ ಎರಿಹೊಲದಲ್ಲಿ ಚರಗ ಚೆಲ್ಲುವುದು ಮುಗಿದಿತ್ತು. ಬನ್ನಿಗಿಡದ ನೆರಳಿನಲ್ಲಿ ಕಂಬಳಿ ಹಾಸಿ, ಸಜ್ಜಿರೊಟ್ಟಿ, ಪುಂಡಿಪಲ್ಲೆ, ಎಣ್ಣೆಗಾಯಿ, ಕರ್ಚಿಕಾಯಿಯ ಬುತ್ತಿ ಬಿಚ್ಚಿ ಎಲ್ಲರೂ ಕುಳಿತಿದ್ದೆವು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ, ನಮ್ಮ ದೊಡ್ಡವ್ವನ ಮೊಮ್ಮಗಳು ಹಬ್ಬಕ್ಕೆಂದು ಊರಿಗೆ ಬಂದಿದ್ದಳು.

"ಅಲ್ಲೆ ಏನ್ ಕೆಲಸ ಮಾಡ್ತೀಯವ್ವಾ ನೀ?"

"ಜೀವಕೋಶ ಬೆಳಸ್ತೀನಿ ಆಯಿ. ಚರ್ಮದ ಕೋಶ."

ದೊಡ್ಡವ್ವ ರೊಟ್ಟಿ ಮುರಿಯುವ ಕೈ ನಿಲ್ಲಿಸಿ ಕೇಳಿದಳು: "ನೀ ಬೆಳಸ್ತೀಯೋ, ಅದ ಬೆಳೀತೈತೋ?"

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಅದ ಬೆಳೀತೈತಿ. ಆದ್ರ ಬೆಳಿ ಅಂತ ಅದಕ್ಕ ಹೇಳವ್ರ ಬೇಕು" ಅಂದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದಳು. ಕಿರುಬೆರಳಿನ ತುದಿಯಷ್ಟು ದೊಡ್ಡ ಗಾಜಿನ ಸೀಸೆ. ತಳದಲ್ಲಿ ಕಂಡೂ ಕಾಣದಷ್ಟು ಬಿಳಿ ಪುಡಿ. ಮೈಮೇಲೆ ಅಂಟಿಸಿದ ಚೀಟಿಯಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳು: ರೀಕಾಂಬಿನಂಟ್ ಹ್ಯೂಮನ್ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಸಂಶೋಧನೆಯ ಬಳಕೆಗೆ ಮಾತ್ರ.

"ಹೇಳವ್ರು ಇದರಾಗ ಅದಾರ."

ಅಜ್ಜಿ ಕೇಳಿದ ಪ್ರಶ್ನೆಯೂ ಮೊಮ್ಮಗಳು ಕೊಟ್ಟ ಉತ್ತರವೂ ನಿಂತಿರುವುದು ಒಂದೇ ಧಾತುವಿನ ಮೇಲೆ. ಪದದ ಬೆನ್ನು ಹತ್ತುವ ನಮ್ಮಂಥವರಿಗೆ ಅಂಥ ಮಾತು ಕಿವಿಗೆ ಬಿದ್ದ ಮೇಲೆ ಬುತ್ತಿಯ ರುಚಿಯೂ ತುಸು ಹಿಂದೆ ಸರಿಯುತ್ತದೆ.

ಮೊದಲು ಊರಿನ ಬಾಯಲ್ಲಿ ಈ ಪದ ಹೇಗಿದೆ ನೋಡೋಣ. ನಮ್ಮ ಕಡೆ ಪದಾಂತ್ಯದ ಎಕಾರ ಇಕಾರವಾಗುವುದು ವಾಡಿಕೆ. ಮನೆ ಮನಿಯಾದಂತೆ, ಎರೆ ಎರಿಯಾದಂತೆ, ಬೆಳೆ ಬೆಳಿಯಾಗುತ್ತದೆ. "ಬೆಳಿ ಚಲೋ ಬಂದೈತಿ" ಎಂದರೆ ನಾಮಪದ, "ಬೆಳಿ, ದೊಡ್ಡಾಂವ ಆಗು" ಎಂದು ಕೂಸಿನ ತಲೆಯ ಮೇಲೆ ಕೈಯಿಟ್ಟರೆ ಕ್ರಿಯಾಪದ. ಸೊಗಸೆಲ್ಲ ಇರುವುದು "ಅವ ಬೆಳದಾನ" ಎಂಬ ಎರಡು ಪದದ ವಾಕ್ಯದಲ್ಲಿ. ಅಷ್ಟೇ ಹೇಳಿ ಬಿಟ್ಟರೆ ಹುಡುಗ ದೊಡ್ಡವನಾಗಿದ್ದಾನೆ ಎಂದರ್ಥ; ನಡುವೆ "ಕಡ್ಲಿ" ಎಂಬೊಂದು ಪದ ಸೇರಿಸಿ "ಅವ ಕಡ್ಲಿ ಬೆಳದಾನ" ಎಂದರೆ ಹೊಲದಲ್ಲಿ ಕಡಲೆ ತೆಗೆದಿದ್ದಾನೆ ಎಂದರ್ಥ. ಕ್ರಿಯಾಪದಕ್ಕೆ ಒಂದು ಪ್ರತ್ಯಯವೂ ಅಂಟಲಿಲ್ಲ, ಒಂದು ಸ್ವರವೂ ಪಲ್ಲಟವಾಗಲಿಲ್ಲ; ಅಕರ್ಮಕವಿದ್ದದ್ದು ಸಕರ್ಮಕವಾಯಿತು. ಕಡಲೆ ಬೆಳೆಯುತ್ತದೆ, ರೈತನೂ ಕಡಲೆ ಬೆಳೆಯುತ್ತಾನೆ. ಆದರೆ ಮಕ್ಕಳ ವಿಷಯ ಬಂದಾಗ ಈ ಸಲಿಗೆ ನಡೆಯುವುದಿಲ್ಲ. "ನಾಲ್ಕು ಮಕ್ಕಳನ್ನ ಬೆಳದೆ" ಎಂದು ಯಾವ ತಾಯಿಯೂ ಹೇಳಳು, "ಬೆಳಸಿದೆ" ಎನ್ನುತ್ತಾಳೆ. ಪ್ರತ್ಯಯದ ಹಂಗಿಲ್ಲದೆ ಈ ಧಾತುವನ್ನು ಸಕರ್ಮಕವಾಗಿ ಆಡುವ ಹಕ್ಕನ್ನು ಕನ್ನಡ ಕೊಟ್ಟಿರುವುದು ಹೊಲದವನಿಗೆ ಮಾತ್ರ. ಅವನ ದುಡಿಮೆಯೂ ಕಾಳಿನ ಏಳಿಗೆಯೂ ಒಂದೇ ಕ್ರಿಯೆಯೋ ಎಂಬಂತೆ.

ಈ ಸಲಿಗೆ ಎಲ್ಲಿಂದ ಬಂತು ಎಂದು ಹುಡುಕಿದರೆ ತಮಿಳಿನ ಕಡೆ ಹೊರಳಬೇಕಾಗುತ್ತದೆ. ನಮ್ಮ ಬೆಳೆ ತಮಿಳಿನಲ್ಲಿ ವಿಳೈ, ಮಲೆಯಾಳದಲ್ಲಿ ವಿಳ, ತುಳುವಿನಲ್ಲಿ ಬುಳೆ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ನಮಗೆಲ್ಲ ಗೊತ್ತಿರುವ ಹಾದಿಯೇ: ವಾಯ್ ಬಾಯಾಯಿತು, ವಿಲ್ ಬಿಲ್ಲಾಯಿತು. ಒಳಗಿನ ಇಕಾರ ಎಕಾರವಾಗುವುದಕ್ಕೂ ಜೊತೆಗಾರರಿದ್ದಾರೆ: ಅವರ ಇಲೈ ನಮ್ಮ ಎಲೆ, ಅವರ ವಿರಲ್ ನಮ್ಮ ಬೆರಳು, ಅವರ ವಿಲೈ ನಮ್ಮ ಬೆಲೆ. ಹಾಗೆಯೇ ವಿಳೈ ಬೆಳೆಯಾಯಿತು. ತಮಿಳು ಮಾತ್ರ ಅಕರ್ಮಕ ಸಕರ್ಮಕಗಳನ್ನು ಕ್ರಿಯಾರೂಪದಲ್ಲೇ ಬೇರೆಯಾಗಿ ಇಟ್ಟುಕೊಂಡಿದೆ. ತಾನಾಗಿ ಬೆಳೆದರೆ ವಿಳೈಗಿರದು, ಬೆಳೆದು ಕೊಟ್ಟರೆ ವಿಳೈಕ್ಕಿರದು. ನಡುವಿನ ಒಂದು ಕಕಾರ ಒತ್ತಾದರೆ ಸಾಕು, ಕರ್ತೃ ಬದಲಾಗುತ್ತಾನೆ. ಕನ್ನಡದಲ್ಲಿ ಆ ಒತ್ತು ಸವೆದುಹೋಯಿತು, ಎರಡೂ ರೂಪ ಒಂದಾದವು, ಅರ್ಥ ಮಾತ್ರ ಎರಡೂ ಉಳಿದವು.

ವಿಳೈ ಎಂಬುದರ ಮೂಲಾರ್ಥ ದೊಡ್ಡದಾಗುವುದಲ್ಲ, ಪಕ್ವವಾಗುವುದು, ಫಲಿಸುವುದು. ತಮಿಳಿನ ವಿಳೈವು ಎಂದರೆ ಇಂದಿಗೂ ಪರಿಣಾಮ, ಫಲ. ಹಾಗಾದರೆ ಮೈಗೂಡುವುದಕ್ಕೆ, ಎತ್ತರಕ್ಕೇರುವುದಕ್ಕೆ ಹಳಬರು ಏನೆನ್ನುತ್ತಿದ್ದರು? ಅಲ್ಲಿ ತಮಿಳು ವಳರ್ ಎನ್ನುತ್ತದೆ, ನಮ್ಮ ಹಳಗನ್ನಡ ಬಳೆ ಎನ್ನುತ್ತದೆ. ಹಳಗನ್ನಡ ಕಾವ್ಯಗಳಲ್ಲಿ ಕೂಸು ಬಳೆಯುತ್ತದೆ, ಸಂತಸ ಬಳೆಯುತ್ತದೆ, ವೈರವೂ ಬಳೆಯುತ್ತದೆ. ಕೈಗಿಡುವ ಬಳೆಗೂ ಇದಕ್ಕೂ ನಂಟಿಲ್ಲ. ಅದು ಬಾಗುವಿಕೆಯನ್ನು ಹೇಳುವ ವಳೈಯಿಂದ ಬಂದದ್ದು. ಅಂದರೆ ಮೊದಲಿಗೆ ಎರಡು ಹಳ್ಳ ಹರಿಯುತ್ತಿದ್ದವು: ಮೈ ಹಿಗ್ಗುವುದಕ್ಕೆ ಬಳೆ, ಕಾಳುಗಟ್ಟುವುದಕ್ಕೆ ಬೆಳೆ. ಕಾಲ ಸರಿದಂತೆ ಬಳೆಯ ನೀರೆಲ್ಲ ಬೆಳೆಯ ಹಳ್ಳಕ್ಕೆ ಕೂಡಿತು, ಬಳೆ ಕೈಗೆ ಮಾತ್ರ ಉಳಿಯಿತು, ಮಗುವೂ ಜೋಳವೂ ಒಂದೇ ಕ್ರಿಯಾಪದ ಹಂಚಿಕೊಂಡು ಬಾಳತೊಡಗಿದವು. ಇಂದು ಪ್ರಯೋಗಾಲಯದ ಹುಡುಗಿ "ಕೋಶ ಬೆಳೀತೈತಿ" ಎನ್ನುವಾಗ ಅವಳಿಗೆ ಬೇಕಾಗಿರುವುದು ನಿಜವಾಗಿ ಹಳಗನ್ನಡದ ಬಳೆ. ಬಾಯಿಗೆ ಬರುವುದು ಬೆಳೆ. ತಮಿಳರಲ್ಲಿ ಎರಡೂ ಪದ ಬೇರೆಬೇರೆಯಾಗಿಯೇ ಬದುಕಿರುವುದರಿಂದ ಗ್ರೋತ್ ಫ್ಯಾಕ್ಟರಿಗೆ ಅವರು ವಳರ್ಚ್ಚಿಯ ಕಡೆ ಹೋಗುತ್ತಾರೆ, ವಿಳೈಚ್ಚಲಿನ ಕಡೆ ಅಲ್ಲ.

ಈ ಪದದ ಸುತ್ತ ದಾರಿ ತಪ್ಪಿಸುವ ಸೋದರರೂ ಇದ್ದಾರೆ. ಬೆಳ್ ಎಂದರೆ ಬಿಳುಪು. ಬೆಳ್ಳಿ, ಬೆಳಕು, ಬೆಳಗು, ಬೆಳ್ಗೊಳ ಎಲ್ಲ ಆ ಮನೆಯವು. ಬೆಳದಿಂಗಳು ಬೆಳೆಯುವ ತಿಂಗಳಲ್ಲ, ಬೆಳ್ಳನೆಯ ತಿಂಗಳು. ಬೇಳೆ ದೀರ್ಘ ಎಳೆದು ಅಡುಗೆಮನೆಗೆ ಹೋಯಿತು. ಬೆಲೆ ಮತ್ತು ಬೆಳೆಯ ನಡುವೆ ಲಕಾರ ಳಕಾರದ ಅಂತರ ಮಾತ್ರ. ಉಳ್ಳಾಗಡ್ಡಿಯ ಚೀಲ ಹೊತ್ತು ಗದಗಿನ ಪೇಟೆಗೆ ಹೋದವರ ಬಾಯಲ್ಲಿ ಈ ಎರಡೂ ಪದ ಒಂದೇ ಉಸಿರಿನಲ್ಲಿ ಬರುವುದನ್ನು ನಾವು ಎಷ್ಟು ಸಲ ಕೇಳಿಲ್ಲ, ಒಂದು ಇದ್ದಾಗ ಇನ್ನೊಂದು ಇರುವುದಿಲ್ಲವೆಂದು! ಬೆಳವಲಕಾಯಿ ಎಂಬ ಗಟ್ಟಿ ಚಿಪ್ಪಿನ ಹಣ್ಣೂ ಇದೆ. ದಕ್ಷಿಣದವರು ಬೇಲ ಎನ್ನುವುದು ಅದನ್ನೇ.

ಬೆಳವಲ ಎಂದೊಡನೆ ನಮ್ಮ ನೆಲದ ಹೆಸರಿಗೇ ಬಂದೆವು. ಶಾಸನಗಳ ಬೆಳ್ವೊಲ ಮುನ್ನೂರು ಎಂದರೆ ಅಣ್ಣಿಗೇರಿ, ಗದಗು, ನರಗುಂದಗಳ ಸುತ್ತಿನ ಕಪ್ಪುಮಣ್ಣಿನ ಸೀಮೆ. ಹೊಲಕ್ಕೆ ಹಳಗನ್ನಡದಲ್ಲಿ ಪೊಲ. ಸಮಾಸದಲ್ಲಿ ಪಕಾರ ವಕಾರವಾಗುವ ಕ್ರಮದಂತೆ, ಕಿಸು ಮತ್ತು ಪೊೞಲ್ ಸೇರಿ ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊೞಲ್ ಆದಂತೆ, ಬೆಳೆಯ ಪೊಲ ಬೆಳ್ವೊಲವಾಯಿತು. ಶಾಸನ ಓದಿದ ಹಿರಿಯರು ಇದಕ್ಕೆ ಪೈರು ಬೆಳೆದು ನಿಂತ ಹೊಲ ಎಂದು ಅರ್ಥ ಹೇಳಿದ್ದಾರೆ. ಬಿಳಿಯ ಹೊಲ ಎನ್ನಲು ಇಲ್ಲಿನ ಮಣ್ಣೇ ಒಪ್ಪುವುದಿಲ್ಲ. ಮಳೆ ಬಿದ್ದಾಗ ಎರಿಯಲ್ಲಿ ಕಾಲಿಟ್ಟು, ಅಂಗಾಲಿಗೆ ಎರಡು ಸೇರು ಕಪ್ಪು ಮಣ್ಣು ಕಟ್ಟಿಕೊಂಡು ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪನ ತಾಯಿ ಅಬ್ಬಣಬ್ಬೆ ಈ ಬೆಳ್ವೊಲದ ಅಣ್ಣಿಗೇರಿಯ ಮನೆತನದವಳು ಎಂಬುದನ್ನು ಜಿನವಲ್ಲಭನ ಕುರಿಕ್ಯಾಲ ಶಾಸನ ಹೇಳುತ್ತದೆ. ಬೆಳ್ವೊಲಕ್ಕೆ ಹೊಂದಿಕೊಂಡು ಕಿಸುಕಾಡು ಎಪ್ಪತ್ತು. ನಮ್ಮ ಸೀಮೆಯ ಸೂಡಿ ಅದರ ರಾಜಧಾನಿ, ಜೋಡು ಕಳಸದ ಗುಡಿಯ ಊರು. ಕಿಸು ಎಂದರೆ ಕೆಂಪು. ಕೆಂಪು ಕಾಡೊಂದು, ಬೆಳೆಯುವ ಹೊಲವೊಂದು. ಮಸಾರಿ ಮತ್ತು ಎರಿ ಎಂದು ನಾವು ಇಂದು ಹೇಳುವ ಎರಡು ಮಣ್ಣು ಸಾವಿರ ವರ್ಷದ ಹಿಂದೆಯೇ ಎರಡು ನಾಡುಗಳ ಹೆಸರಾಗಿ ಅಕ್ಕಪಕ್ಕ ಮಲಗಿದ್ದವು.

ಇಷ್ಟು ಹಳೆಯ ಪದವಿದ್ದೂ ಸವಡಿಯಲ್ಲಿ ಬೆಳೆಗಿಂತ ಹೆಚ್ಚಾಗಿ ಕಿವಿಗೆ ಬೀಳುವುದು ಪೀಕು. "ಪೀಕ ಹೆಂಗೈತ್ರೀ?" ಎಂದೇ ಹೊಲದ ಬದುವಿನ ಮೇಲೆ ಮಾತು ಶುರುವಾಗುವುದು. ಇದು ಮರಾಠಿಯ ಪೀಕ. ಅದರ ಮೂಲ ಸಂಸ್ಕೃತದ ಪಕ್ವ. ಅಂದರೆ ಅದೂ ಹಣ್ಣಾಗುವುದರಿಂದಲೇ ಹುಟ್ಟಿದ್ದು, ವಿಳೈಯಂತೆಯೇ. ಎರಡು ಬೇರೆ ಭಾಷಾಕುಲಗಳು ಹೊಲದ ಅಂಚಿನಲ್ಲಿ ನಿಂತು ಒಂದೇ ಗಳಿಗೆಯನ್ನು, ತೆನೆಯ ಹಾಲು ಗಟ್ಟಿಯಾಗುವ ಗಳಿಗೆಯನ್ನು, ಕಂಡು ಹೆಸರಿಟ್ಟಿವೆ. ಫಸಲು ಅರಬ್ಬಿಯ ಫಸ್ಲ್, ಋತು ಎಂಬರ್ಥದ್ದು. ಅದು ಕಾಲವನ್ನು ನೋಡಿತು. ಪೈರು ನಮ್ಮದೇ, ತಮಿಳಿನ ಪಯಿರ್. ಅದು ಹಸಿರನ್ನು ನೋಡಿತು, ಒಣಗಿ ಕಣಕ್ಕೆ ಬಂದದ್ದನ್ನು ಯಾರೂ ಪೈರೆನ್ನುವುದಿಲ್ಲ. ಬೆಳೆ ಮಾತ್ರ ಮೊಳಕೆಯಿಂದ ಚೀಲದವರೆಗೆ ಎಲ್ಲವನ್ನೂ ಒಳಗೊಂಡು ಕುಳಿತಿದೆ. ಬೆಳೆಸಾಲ, ಬೆಳೆವಿಮೆ, ಬೆಳೆಪರಿಹಾರ, ಪಹಣಿಯ ಬೆಳೆಯ ಕಾಲಂ, ಎಲ್ಲವೂ ಅದರ ಕೈಯೊಳಗೆ.

ಸಂಸ್ಕೃತದ ಕಡೆಯಿಂದ ಬಂದ ವೃದ್ಧಿಯ ಬಾಳು ಇನ್ನೊಂದು ಬಗೆಯದು. ವೃಧ್ ಧಾತುವಿನಿಂದ ವೃದ್ಧಿ, ವರ್ಧನ, ವರ್ಧಂತಿ, ವರ್ಧಮಾನ. ಬೆಳೆದು ಮುಗಿದವನು ವೃದ್ಧ. ಪಾಣಿನಿಯ ಅಷ್ಟಾಧ್ಯಾಯಿ ತೆರೆದುಕೊಳ್ಳುವುದೇ ವೃದ್ಧಿ ಎಂಬ ಪದದಿಂದ. ಮಗು ಹುಟ್ಟಿದಾಗಿನ ಸೂತಕಕ್ಕೂ ಕೆಲವು ಮನೆಗಳಲ್ಲಿ ವೃದ್ಧಿ ಎನ್ನುತ್ತಾರೆ. ಪ್ರಾಕೃತದ ಹಾದಿ ಹಿಡಿದು ಇದು ಕನ್ನಡದ ಬಾಯಿಗೆ ಬರುವ ಹೊತ್ತಿಗೆ ಬಡ್ಡಿಯಾಗಿತ್ತು. ಗುಡಿಯ ನಂದಾದೀವಿಗೆಗೆ ಗದ್ಯಾಣ ಬಿಟ್ಟು ಅದರ ಬಡ್ಡಿಯಿಂದ ಎಣ್ಣೆ ನಡೆಯಲೆಂದು ಹೇಳುವ ಶಾಸನಗಳಲ್ಲಿ ಅದು ಹಸನಾದ ಪದ. ಬೆಳೆ ಬಾರದ ವರ್ಷ ಸಾಲಗಾರನ ಮನೆಯಲ್ಲಿ ಬೆಳೆಯುವುದು ಅದೊಂದೇ ಎಂಬುದು ಆಮೇಲಿನ ಅನುಭವ. ವೃದ್ಧಿಗೆ ಅಭಿ ಸೇರಿ ಅಭಿವೃದ್ಧಿಯಾಗಿ ಸರಕಾರದ ಪದವಾದ ಮೇಲೆ ನಮ್ಮ ಸೀಮೆಗೆ ಅದರ ಇನ್ನೊಂದು ಮುಖವೂ ಕಂಡಿತು. ಮಲಪ್ರಭೆಯ ಕಾಲುವೆ ಬಂದ ಮೇಲೆ ನೀರಿನ ಕರದ ಜೊತೆ ಬೆಟರ್‌ಮೆಂಟ್ ಲೆವಿ ಎಂಬ ಕರವನ್ನೂ ಹೇರಿದರು. ಅಭಿವೃದ್ಧಿ ಕರ ಎಂದು ಅದನ್ನು ಕನ್ನಡಿಸಿದರು. ನೀರು ನೆಟ್ಟಗೆ ತಲುಪದ ಹೊಲಕ್ಕೂ ಅಭಿವೃದ್ಧಿಯ ಕರ ಬಂದಾಗ ರೈತರು ಎದ್ದರು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಗೋಲಿಬಾರು ನಡೆದು ಜೀವಗಳು ಹೋದವು. ಒಂದು ಪದವನ್ನು ಅದರ ಅರ್ಥವಿಲ್ಲದ ಕಡೆ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ನರಗುಂದದ ಹುತಾತ್ಮರ ಕಲ್ಲಿಗಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಬೆಳೆಗೆ ಹಿಂತಿರುಗೋಣ. ಬರೆಯಿಂದ ಬರವಣಿಗೆ, ಮೆರೆಯಿಂದ ಮೆರವಣಿಗೆ ಬಂದಂತೆ ಬೆಳೆಯಿಂದ ಬೆಳವಣಿಗೆ ಬಂತು; ಹಿಂದೆ ಬೆಳವಿಗೆ ಎಂಬುದೂ ನಡೆಯುತ್ತಿತ್ತು. ಬೆಳೆ ಎಂಬ ನಾಮಪದ ಪೂರ್ತಿಯಾಗಿ ಹೊಲದ ಪಾಲಾಗಿಬಿಟ್ಟದ್ದರಿಂದ ದೊಡ್ಡದಾಗುವ ಕ್ರಿಯೆಗೆ ಇನ್ನೊಂದು ಹೆಸರು ಬೇಕಿತ್ತು. ಬೆಳವಣಿಗೆ ಆ ಕೆಲಸಕ್ಕೆ ಒದಗಿತು. ಈಗ ಮಗುವಿನ ಬೆಳವಣಿಗೆ, ನಗರದ ಬೆಳವಣಿಗೆ, ಬೆಳವಣಿಗೆ ದರ. ಪತ್ರಿಕೆಗಳವರು ರಾಜಕೀಯ ಬೆಳವಣಿಗೆಗಳು ಎಂದು ಬರೆದು, ಏನೂ ಬೆಳೆಯದ, ಎಷ್ಟೋ ಸಲ ಕುಗ್ಗುವ ಸಂಗತಿಗಳಿಗೂ ಅದನ್ನು ಹಚ್ಚಿದ್ದಾರೆ. ಅದನ್ನು ನಾನು ಮೆಚ್ಚುವುದಿಲ್ಲ. ಘಟನೆ ಎಂಬ ಪದ ಕೈಗೆಟುಕುವಷ್ಟು ಹತ್ತಿರದಲ್ಲೇ ಇದೆ.

ಇನ್ನು ಆ ಸೀಸೆ. ಅದರೊಳಗಿನ ಪುಡಿಗೆ ಹೆಸರು ಬಂದ ಬಗೆಯೂ ನಮ್ಮಂಥವರು ಮನಸ್ಸಿಟ್ಟು ಕೇಳುವಂಥದು. ಇಟಲಿಯ ರೀಟಾ ಲೆವಿ ಮೊಂತಾಲ್ಚೀನಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ 1950ರ ದಶಕದಲ್ಲಿ ನರತಂತುಗಳನ್ನು ಬೆಳೆಸುವ ವಸ್ತುವಿನ ಬೆನ್ನು ಹತ್ತಿದ್ದರು. ಸ್ಟಾನ್ಲಿ ಕೋಹೆನ್ ಎಂಬ ರಸಾಯನಜ್ಞ ಅವರ ಜೊತೆಗಾರ. ಹಾವಿನ ವಿಷದಲ್ಲಿ ಆ ವಸ್ತು ಯಥೇಚ್ಛವಾಗಿ ಸಿಕ್ಕಿತು. ವಿಷದ ಗ್ರಂಥಿಯೆಂದರೆ ಹಾವಿನ ಜೊಲ್ಲಿನ ಗ್ರಂಥಿಯೇ ಅಲ್ಲವೆ ಎಂದು ಯೋಚಿಸಿ ಇಲಿಯ ಜೊಲ್ಲುಗ್ರಂಥಿಯನ್ನು ಅರೆದು ನೋಡಿದರು, ಅಲ್ಲೂ ಇತ್ತು. ಆ ರಸವನ್ನು ಹಸುಳೆ ಇಲಿಗಳಿಗೆ ಚುಚ್ಚಿದಾಗ ಕೋಹೆನ್ನರಿಗೆ ಇನ್ನೊಂದು ಬೆರಗು ಕಂಡಿತು: ಸುಮಾರು ಎರಡು ವಾರಕ್ಕೆ ತೆರೆಯಬೇಕಾದ ಕಣ್ಣುರೆಪ್ಪೆ ಒಂದೇ ವಾರಕ್ಕೆ ತೆರೆಯಿತು, ಮುಂಬಲ್ಲು ಬೇಗ ಮೂಡಿತು. ನರಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಬೇರೆಯದೇ ಇರಬೇಕೆಂದು ಹಿಡಿದು ಬೇರ್ಪಡಿಸಿ 1962ರಲ್ಲಿ ಪ್ರಕಟಿಸಿದರು. ಮೊದಲು ಅದಕ್ಕೆ ಹಲ್ಲು ಮತ್ತು ರೆಪ್ಪೆಯ ಹೆಸರೇ ಇತ್ತು. ಅದು ಪ್ರಚೋದಿಸುವುದು ಚರ್ಮದ ಮೇಲ್ಪದರವನ್ನು ಎಂದು ತಿಳಿದ ಮೇಲೆ ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್ ಆಯಿತು. ಬರೀ 53 ಅಮೈನೋ ಆಮ್ಲಗಳ ಸರ, ಮೂರು ಗಂಧಕದ ಗಂಟು ಹಾಕಿ ಮಡಿಸಿದ್ದು. 1986ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಕಳು ಕರುವಿನ ಗಾಯ ನೆಕ್ಕುವುದನ್ನು ಕಂಡ ನಮ್ಮ ಹಿರಿಯರು "ಜೊಲ್ಲಿಗೇ ಗಾಯ ಮಾಯ್ತೈತಿ" ಅನ್ನುತ್ತಿದ್ದರು. ಜೊಲ್ಲಿನಲ್ಲಿ ಈ ವಸ್ತು ಇರುವುದು ಆ ಮಾತಿಗೆ ಒಂದು ಬೆಂಬಲವಂತೂ ಹೌದು.

ಚೀಟಿಯ ಮೊದಲ ಪದ ರೀಕಾಂಬಿನಂಟ್. ಮನುಷ್ಯನ ಮೈಯಿಂದ ಇದನ್ನು ತೆಗೆಯಹೊರಟರೆ ಸಿಗುವುದು ತೀರ ಕಡಿಮೆ. ಆದ್ದರಿಂದ ಮನುಷ್ಯನ ಆ ಒಂದು ವಂಶವಾಹಿಯನ್ನು ಬ್ಯಾಕ್ಟೀರಿಯಾದಲ್ಲೋ ಈಸ್ಟಿನಲ್ಲೋ ಜೋಡಿಸಿ, ಅದರ ಮೈಯಲ್ಲಿ ಈ ಪ್ರೋಟೀನು ಮಾಡಿಸಿ, ಸೋಸಿ, ಒಣಗಿಸಿ ಸೀಸೆಗೆ ತುಂಬುತ್ತಾರೆ. ಈ ಜೋಡಣೆಯ ವಿದ್ಯೆಯನ್ನು 1973ರಲ್ಲಿ ಹರ್ಬರ್ಟ್ ಬೋಯರ್ ಜೊತೆ ಸಾಧಿಸಿದವರ ಹೆಸರೂ ಸ್ಟಾನ್ಲಿ ಕೋಹೆನ್, ಆದರೆ ಬೇರೆ ಮನುಷ್ಯ. ಒಂದೇ ಚೀಟಿಯ ಎರಡು ತುದಿಯ ಪದಗಳ ಹಿಂದೆ ಒಂದೇ ಹೆಸರಿನ ಇಬ್ಬರು ನಿಂತಿದ್ದಾರೆ. ಈ ದಾರಿಯಲ್ಲಿ ಮೊದಲು ಔಷಧಿಯಾಗಿ ಬಂದದ್ದು 1982ರ ಇನ್ಸುಲಿನ್. ಬೆಂಗಳೂರಿನ ಬಯೋಕಾನ್ 2004ರಲ್ಲಿ ಈಸ್ಟಿನಿಂದ ಮಾಡಿಸಿದ ಇನ್ಸುಲಿನ್ನನ್ನು ಇನ್ಸುಜೆನ್ ಎಂದು ಹೊರತಂದಿತು. ಕನ್ನಡದಲ್ಲಿ ಮರುಸಂಯೋಜಿತ ಎನ್ನುತ್ತೇವೆ, ತಪ್ಪೇನಿಲ್ಲ. ದೊಡ್ಡವ್ವನಿಗೆ ಮೊಮ್ಮಗಳು ಇದನ್ನು ಬಿಡಿಸಿ ಹೇಳಿದಾಗ ಅವಳು ಕೇಳಿದ್ದು, "ಬೀಟಿ ಹತ್ತಿ ಇದ್ದಂಗಾ?" ಎಂದು. ಹೌದು, ಹಾಗೇ, ಮಣ್ಣಿನ ಬ್ಯಾಕ್ಟೀರಿಯಾದ ಗುಣವನ್ನು ಹತ್ತಿಗೆ ಸೇರಿಸಿದ್ದು ಅದು, ಮನುಷ್ಯನ ಗುಣವನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ದು ಇದು. 2002ರಲ್ಲಿ ಬೀಟಿ ಹತ್ತಿ ಈ ದೇಶದ ಹೊಲಕ್ಕೆ ಬಂದಾಗ ಕನ್ನಡ ಕುಲಾಂತರಿ ಎಂಬ ಚೆಂದದ ಪದ ಕಂಡುಕೊಂಡಿತು, ಕುಲಾಂತರಿ ಬೆಳೆ ಎಂದಿತು. ನೋಡಿ, ಬೆಳೆ ಅಲ್ಲೂ ಮೊದಲೇ ಹೋಗಿ ಕುಳಿತಿತ್ತು!

ಸೀಸೆಯ ಅಳತೆಯನ್ನೂ ಹುಡುಗಿ ಹೇಳಿದಳು. ಒಂದು ಸೀಸೆಯಲ್ಲಿ ನೂರು ಮೈಕ್ರೋಗ್ರಾಂ. ಒಂದು ಗ್ರಾಮಿನ ಹತ್ತುಸಾವಿರದಲ್ಲಿ ಒಂದು ಪಾಲು. ಕೋಶಗಳಿಗೆ ಉಣಿಸುವ ದ್ರವಕ್ಕೆ ಒಂದು ಮಿಲಿಲೀಟರಿಗೆ ಹತ್ತು ನ್ಯಾನೋಗ್ರಾಂ ಸಾಕು. ಹಾಗೆ ಹಾಕಿದರೆ ಈ ಪುಡಿ ಹತ್ತು ಲೀಟರ್ ದ್ರವಕ್ಕೆ ಬರುತ್ತದೆ. ಕೋಶ ಉಂಡು ಬೆಳೆಯುವುದು ದ್ರವದ ಸಕ್ಕರೆ, ಲವಣ, ಅಮೈನೋ ಆಮ್ಲಗಳನ್ನು. ಈ ಪುಡಿ ಉಣಿಸಲ್ಲ, ಗೊಬ್ಬರವಲ್ಲ. ಕೋಶದ ಹೊರಮೈಯ ಗ್ರಾಹಕವೊಂದಕ್ಕೆ ಹೋಗಿ ಮುಟ್ಟುತ್ತದೆ, ಆ ಮುಟ್ಟಿದ ಸುದ್ದಿ ಒಳಗೆ ಹರಿಯುತ್ತದೆ, ಕೋಶ ತಾನೇ ಇಬ್ಭಾಗವಾಗಲು ಅಣಿಯಾಗುತ್ತದೆ. ಕೋಶಗಳನ್ನು ಹೀಗೆ ಇಟ್ಟು ಬೆಳೆಸುವ ವಿದ್ಯೆಗೆ ಇಂಗ್ಲಿಷಿನಲ್ಲಿ ಕಲ್ಚರ್, ಲ್ಯಾಟಿನ್ನಿನ ಉಳುಮೆಯ ಪದದಿಂದ ಬಂದದ್ದು. ಕನ್ನಡದಲ್ಲಿ ಅಂಗಾಂಶ ಕೃಷಿ, ಕೋಶ ಕೃಷಿ, ಅದೂ ನೇಗಿಲೆಳೆಯುವ ಕೃಷ್ ಧಾತುವಿನದೇ. ಟಿಶ್ಯೂ ಬಾಳಿ ಹಚ್ಚಿದ ರೈತನಿಗೂ ಚರ್ಮದ ಕೋಶ ಬೆಳೆಸುವ ನಮ್ಮ ಹುಡುಗಿಗೂ ಕಸುಬಿನ ಪದ ಒಂದೇ.

ಬೆಳೆ ಎಂಬುದಕ್ಕೆ ಲಗಾಮಿಲ್ಲದ ಅರ್ಥವೂ ಇದೆ. "ಗಂಟ ಬೆಳದೈತಿ" ಎಂದು ಆಸ್ಪತ್ರೆಯಿಂದ ಬಂದವರು ದನಿ ತಗ್ಗಿಸಿ ಹೇಳುವ ಬೆಳೆ ಅದು. ಆ ಪುಡಿ ಮುಟ್ಟುವ ಗ್ರಾಹಕದ ಮನೆತನದ್ದೇ ಇನ್ನೊಂದು ಗ್ರಾಹಕ, ಹರ್‌-2 ಎಂಬುದು, ಕೆಲವರ ಸ್ತನದ ಅರ್ಬುದದಲ್ಲಿ ಮಿತಿಮೀರಿ ತುಂಬಿ, ಬೆಳೆ ಬೆಳೆ ಎಂಬ ಕೂಗು ನಿಲ್ಲದಂತಾಗುತ್ತದೆ. ಅದನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧಿಯನ್ನು ಬಯೋಕಾನ್ 2014ರಲ್ಲಿ ಕ್ಯಾನ್‌ಮ್ಯಾಬ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಉಳಿದದ್ದು ಫ್ಯಾಕ್ಟರ್. ಗ್ರೋತ್ ಫ್ಯಾಕ್ಟರಿಗೆ ಬೆಳವಣಿಗೆಯ ಅಂಶ ಎಂದು ಬರೆಯುವ ರೂಢಿ ಬಿದ್ದಿದೆ. ಇದನ್ನು ನಾನು ಒಪ್ಪಲಾರೆ. ಅಂಶ ಎಂದರೆ ಪಾಲು, ತುಂಡು. ಜಾತಕದ ನವಾಂಶದಲ್ಲಿ ಅದೇ, ಶಾಲೆಯ ಭಿನ್ನರಾಶಿಯಲ್ಲಿ ಛೇದದ ಮೇಲೆ ಕೂಡುವ ಅಂಶವೂ ಅದೇ. ಆ ಪುಡಿ ಬೆಳವಣಿಗೆಯ ಒಂದು ತುಂಡಲ್ಲ. ಫ್ಯಾಕ್ಟರ್ ಲ್ಯಾಟಿನ್ನಿನಲ್ಲಿ ಮಾಡುವವನು, ಮಾಡಿಸುವವನು. 17ನೇ ಶತಮಾನದಲ್ಲಿ ಕಾರವಾರದ ಕೋಠಿಯಲ್ಲಿ ಕುಳಿತು ಯಜಮಾನರ ಪರವಾಗಿ ಮೆಣಸು ಕೊಳ್ಳುತ್ತಿದ್ದ ಇಂಗ್ಲಿಷ್ ಗುಮಾಸ್ತರಿಗೆ ಫ್ಯಾಕ್ಟರ್ ಎಂದೇ ಹೆಸರು, ಅವರು ಕುಳಿತ ಜಾಗ ಫ್ಯಾಕ್ಟರಿ. ಈ ಅರ್ಥಕ್ಕೆ ನಮ್ಮಲ್ಲಿ ಎರಡು ಸಾವಿರ ವರ್ಷ ಹಿಂದೆಯೇ ಕಡೆದಿಟ್ಟ ಪದವಿದೆ: ಕಾರಕ. ಕೃ ಧಾತುವಿನಿಂದ ಬಂದದ್ದು, ಕ್ರಿಯೆ ನಡೆಯಲು ಬೇಕಾದವರೆಲ್ಲರ ಹೆಸರು. ವೈಯಾಕರಣರು ಇನ್ನೂ ಮುಂದೆ ಹೋಗಿ ನಮ್ಮ ಸೀಸೆಗೆ ತಕ್ಕ ಜಾಗವನ್ನೇ ತೋರಿಸಿದ್ದಾರೆ. ಪಾಣಿನಿಯ ಲೆಕ್ಕದಲ್ಲಿ ಕ್ರಿಯೆಯಲ್ಲಿ ಸ್ವತಂತ್ರನಾದವನು ಕರ್ತೃ. ಅವನನ್ನು ಕ್ರಿಯೆಗೆ ಹಚ್ಚುವವನು ಹೇತು. ಹೇತು ಎಷ್ಟೇ ಪ್ರೇರಿಸಲಿ, ಮಾಡುವವನ ಸ್ವಾತಂತ್ರ್ಯ ಹೋಗುವುದಿಲ್ಲ. ಕನ್ನಡದಲ್ಲಿ ಈ ಹೇತುವಿನ ಕೆಲಸವನ್ನು ಇಸು ಎಂಬ ಪುಟ್ಟ ಪ್ರತ್ಯಯ ಮಾಡುತ್ತದೆ. 1260ರ ಸುಮಾರಿನ ಕೇಶಿರಾಜನಿಗೂ ಅದು ಪರಿಚಿತವೇ. ಬೆಳೆಯಿಸು ಸವೆದು ಬೆಳೆಸು, ನಮ್ಮ ಬಾಯಲ್ಲಿ ಬೆಳಸು. ಧಾತುವಿನ ಮೈಯನ್ನು ಇಸು ಮುಟ್ಟಿ ಕೆಡಿಸುವುದಿಲ್ಲ. ಹೊರಗೆ ಬಂದು ತಾಗುತ್ತದೆ, ಒಳಗಿನ ಬೆಳೆ ಬೆಳೆಯಾಗಿಯೇ ಉಳಿದು ಬೇರೊಬ್ಬರ ಮಾತಿಗೆ ಎಚ್ಚರಗೊಳ್ಳುತ್ತದೆ. ಕೋಶಕ್ಕೆ ಆ ಪುಡಿ ಯಾವುದೋ, ಧಾತುವಿಗೆ ಇಸು ಅದೇ. ದೊಡ್ಡವ್ವ "ನೀ ಬೆಳಸ್ತೀಯೋ, ಅದ ಬೆಳೀತೈತೋ" ಎಂದು ಕೇಳಿದ್ದು ಹೇತು ಯಾರು, ಕರ್ತೃ ಯಾರು ಎಂದೇ.

ಬೆಳೆಕಾರಕ ಎಂದು ಒಂದೇ ಪದ ಕಟ್ಟಬಹುದೆ? ಅಚ್ಚಗನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸವಾಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಬೆಳೆ ಎಂದೊಡನೆ ಓದುವವರ ಕಣ್ಣಿಗೆ ಜೋಳದ ಹೊಲ ಬರುತ್ತದೆ, ಕೋಶ ಬರುವುದಿಲ್ಲ. ವರ್ಧಕ ಎಂದರೆ ಇರುವುದನ್ನು ಹೆಚ್ಚಿಸುವ ಯಾವುದೂ ಆಗಬಹುದು. ಹಾಗಾಗಿ ಷಷ್ಠಿ ವಿಭಕ್ತಿಯನ್ನು ಉಳಿಸಿಕೊಂಡು ಬೆಳವಣಿಗೆಯ ಕಾರಕ ಎನ್ನುವುದೇ ಸರಿ. ಚರ್ಮದ್ದಾದರೆ ಮೇಲ್ಚರ್ಮದ ಬೆಳವಣಿಗೆಯ ಕಾರಕ, ನರದ್ದಾದರೆ ನರದ ಬೆಳವಣಿಗೆಯ ಕಾರಕ. ಪಠ್ಯಪುಸ್ತಕ ಬರೆಯುವವರು, ಪಾರಿಭಾಷಿಕ ಕೋಶ ತಿದ್ದುವವರು ಈ ಬರಹ ಓದಿದರೆ ಅವರಲ್ಲಿ ನನ್ನದೊಂದೇ ಬಿನ್ನಹ: ಇನ್ನು ಮುಂದೆ ಬೆಳವಣಿಗೆಯ ಅಂಶ ಎಂದು ಬರೆಯಬೇಡಿ, ಕಾರಕ ಎಂದು ಬರೆಯಿರಿ.